ಶೂಟಿಂಗ್‌ಗೆ ಮೊದಲೇ ಎಡಿಟಿಂಗ್: ನನ್ನ ಅನುಭವ

'ಫುಟೇಜೇ ಇಲ್ದೆ ಏನ್ ಕಟ್ ಮಾಡ್ತೀಯೋ?' ಅಂತ ನಕ್ಕ ಸಹಪಾಠಿಗಳೇ ಈಗ ಪ್ರಾಜೆಕ್ಟ್ ಫೈಲ್ ಕೇಳಿಕೊಂಡು ಪೆನ್‌ಡ್ರೈವ್ ತರುತ್ತಿದ್ದಾರೆ. ಆರು ನಿಮಿಷದ ಕಿರುಚಿತ್ರ, ಒಂದೇ ಮನೆ, ಎರಡು ಪಾತ್ರ. ಮಾಮೂಲಿ ಲೆಕ್ಕದಲ್ಲಿ ಅರವತ್ತು ಚಿಲ್ಲರೆ ಶಾಟ್, ಮೂರು ದಿನದ ಕ್ಯಾಮೆರಾ ಬಾಡಿಗೆ. ಶೂಟಿಂಗ್‌ಗೆ ಮೊದಲೇ ಮೊಬೈಲ್ ಸ್ಟಿಲ್‌ಗಳನ್ನು ಜೋಡಿಸಿ ಇಡೀ ಚಿತ್ರ ಎಡಿಟ್ ಮಾಡಿ ನೋಡಿದ್ದರಿಂದ ನಲವತ್ತು ಶಾಟ್‌ನೊಳಗೆ, ಎರಡೇ ದಿನಕ್ಕೆ ಮುಗಿಯಿತು. ಬಾಡಿಗೆ, ಊಟ, ಆಟೋ ಎಲ್ಲ ಸೇರಿ ಏಳೆಂಟು ಸಾವಿರ ಉಳಿದಿರಬೇಕು.

ಲೊಕೇಶನ್‌ನಲ್ಲಿ ಗೆಳೆಯರನ್ನು ನಿಲ್ಲಿಸಿ ಶಾಟ್‌ಗೊಂದು ಮೊಬೈಲ್ ಸ್ಟಿಲ್ ತೆಗೆಯಬೇಕು, ಮಾತುಗಳನ್ನೂ ಫೋನಿನಲ್ಲೇ ರೆಕಾರ್ಡ್ ಮಾಡಬೇಕು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು, ಸೆಕೆಂಡಿಗೆ 25 ಫ್ರೇಮ್‌ನ ಟೈಮ್‌ಲೈನ್. ಮೊದಲು ಬರೀ ಮಾತನ್ನು ಕಟ್ ಮಾಡಿ, ಸ್ಟಿಲ್‌ಗಳನ್ನು ಆಮೇಲೆ ಕೂರಿಸಿ. ತಿರುಗುಮುರುಗಾದರೆ ಸಾಲು ಮುಗಿದಲ್ಲೆಲ್ಲ ಕಟ್ ಬೀಳುತ್ತದೆ. ಜೆ ಕಟ್ (ಮುಂದಿನ ಶಾಟ್‌ನ ಮಾತು ಚಿತ್ರಕ್ಕಿಂತ ಮೊದಲೇ ಕೇಳುವುದು), ಎಲ್ ಕಟ್ (ಹಿಂದಿನ ಶಾಟ್‌ನ ಮಾತು ಮುಂದಿನ ಚಿತ್ರದ ಮೇಲೂ ಮುಂದುವರಿಯುವುದು) ಹೊಳೆಯುವುದೇ ಇಲ್ಲ.

ಕೈಕೊಡುವ ಜಾಗಗಳೂ ಇವೆ. ಫೋನ್ 4:3ರಲ್ಲಿದ್ದರೆ ಹೆಡ್‌ರೂಮ್ (ತಲೆಯ ಮೇಲಿನ ಖಾಲಿ ಜಾಗ) ಪೂರಾ ಸುಳ್ಳು ಹೇಳುತ್ತದೆ, 16:9ಕ್ಕೆ ಹಾಕಿ. 1.5 ಕ್ರಾಪ್ ಬಾಡಿಯ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ ಕ್ಯಾಮೆರಾ) 35 ಎಂಎಂ ಲೆನ್ಸ್‌ಗೆ ಫೋನಿನ 2ಎಕ್ಸ್, 50ಕ್ಕೆ 3ಎಕ್ಸ್ ಹತ್ತಿರ ಹತ್ತಿರ ಹೊಂದುತ್ತದೆ. ದೊಡ್ಡ ಮೋಸ ಅವಧಿಯದು. 'ಬಾಗಿಲು ತೆರೆದು ಬಂದು ಕೂರುತ್ತಾಳೆ' ಎಂಬ ಸ್ಟಿಲ್ ಎರಡು ಸೆಕೆಂಡಿಗೇ ಅರ್ಥವಾಗುತ್ತದೆ, ನಿಜವಾಗಿ ನಡೆದರೆ ಎಂಟು. ಚಲನೆ ಇರುವ ಶಾಟ್‌ಗಳನ್ನೆಲ್ಲ ಸ್ಟಾಪ್‌ವಾಚ್ ಹಿಡಿದು ನಡೆಸಿಯೇ ನೋಡಬೇಕು. ಸ್ಟಿಲ್ ಬದಲು ಫೋನ್ ವಿಡಿಯೊ ಹಾಕುವವರು ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ಸ್ಥಿರ ಫ್ರೇಮ್‌ರೇಟ್‌ಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ಸಂಬಂಧ ತಪ್ಪುತ್ತದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು: 4ಕೆಯಲ್ಲಿ ವೈಡ್ (ದೂರದ ಶಾಟ್) ತೆಗೆದು, 1080 ಟೈಮ್‌ಲೈನ್‌ನಲ್ಲಿ ದುಪ್ಪಟ್ಟು ಹಿಗ್ಗಿಸಿ ಅದನ್ನೇ ಮಿಡ್ (ಸೊಂಟದ ಮೇಲಿನ ಶಾಟ್) ಮಾಡುವುದು. ಶಾರ್ಪ್‌ನೆಸ್‌ಗೆ ಏನೂ ಆಗುವುದಿಲ್ಲ, ಆದರೆ ಕೋನ ಅದೇ, ಹಿನ್ನೆಲೆಯೂ ಅದೇ. ಎರಡನ್ನೂ ಒತ್ತಟ್ಟಿಗೆ ಇಟ್ಟರೆ ಕಟ್ ಜಿಗಿಯುತ್ತದೆ. ನಡುವೆ ಎದುರು ಪಾತ್ರದ ರಿಯಾಕ್ಷನ್ ಇದ್ದರೆ ಮಾತ್ರ ನಡೆಯುತ್ತದೆ. ರಿಯಾಕ್ಷನ್ ಒಳಬರುವ ಫ್ರೇಮ್ ಆರಿಸುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದು ಸದ್ಯ ನನ್ನಲ್ಲೇ ಇರಲಿ.

ಸೆಟ್‌ನಲ್ಲಿ ಶಟರ್ 1/50 ಸೆಕೆಂಡ್; ನಮ್ಮ 50 ಹರ್ಟ್ಸ್ ಕರೆಂಟಿಗೆ ಹೊಂದದ ವೇಗ ಇಟ್ಟರೆ ಟ್ಯೂಬ್‌ಲೈಟ್ ಮಿಣುಕಬಹುದು. ಟೇಕ್‌ನ ಹಿಂದೆ ಮುಂದೆ ಐದು ಸೆಕೆಂಡ್ ಹೆಚ್ಚಿಗೆ ಓಡಲಿ. ಓಕೆಯಾದ ಟೇಕನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು) ಮಾಡಿ, ಅದರ ಸ್ಟಿಲ್‌ನ ಮೇಲಿನ ಟ್ರ್ಯಾಕ್‌ಗೆ ಹಾಕುತ್ತಾ ಹೋಗಿ. ಸಂಜೆ ಯಾವ ಸ್ಟಿಲ್ ಇನ್ನೂ ಕಾಣುತ್ತದೋ ಆ ಶಾಟ್ ಬಾಕಿ.