ಮರೆಯಲು ಬಿಟ್ಟು ಕನ್ನಡ ಕಲಿಸಿದ್ದು: ಬಾಗೇಪಲ್ಲಿಯ ನನ್ನ ಅನುಭವ

ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಶಾಲೆಯಲ್ಲಿ ಕನ್ನಡ. ನಾಲ್ಕು, ಐದನೇ ಕ್ಲಾಸಿನ ಮಕ್ಕಳ ತಲೆಯಲ್ಲಿ ಕನ್ನಡ ಪದ ಹೇಗೆ ಉಳಿಯುತ್ತೆ ಅನ್ನೋದು ನನ್ನ ಸಂಶೋಧನೆ. ದಿನಾ ಓದಿಸಬೇಡಿ, ಸ್ವಲ್ಪ ಮರೆಯಲಿ, ಆಮೇಲೆ ಕೇಳಿ ಅಂದೆ. ಮೇಷ್ಟ್ರುಗಳು ಒಪ್ಪಲಿಲ್ಲ. "ದಿನಾ ಹೇಳಿಕೊಟ್ಟರೇ ತಲೆಗೆ ಹತ್ತಲ್ಲ, ಬಿಟ್ಟು ಕೇಳಿದ್ರೆ ಏನು ಉಳಿಯುತ್ತೆ ಸಾರ್?" ಅಂದರು. ಜೊತೆಗಿದ್ದ ಸಂಶೋಧಕರ ಮಾತೂ ಅದೇ. ಈಗ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೆ ಹಿಡಿದದ್ದು ಲೈಟ್ನರ್ ಡಬ್ಬದ ಕ್ರಮ: ಪದದ ಕಾರ್ಡುಗಳನ್ನು ಸಾಲು ಡಬ್ಬಗಳಲ್ಲಿ ಇಡೋದು, ಸರಿ ಹೇಳಿದ ಕಾರ್ಡು ಮುಂದಿನ ಡಬ್ಬಕ್ಕೆ ಹೋಗುತ್ತೆ, ಅದನ್ನು ಇನ್ನೂ ಹೆಚ್ಚು ದಿನ ಬಿಟ್ಟು ಕೇಳೋದು, ತಪ್ಪಿದರೆ ಮೊದಲ ಡಬ್ಬಕ್ಕೆ ವಾಪಸ್. ಅದನ್ನು ಮೊದಲು ಮೊಬೈಲ್ ಆ್ಯಪ್‌ನಲ್ಲಿ ನಡೆಸಿದೆವು. ಮನೆಗಿರೋ ಒಂದು ಫೋನು ಅಪ್ಪನ ಜೇಬಲ್ಲಿ, ಅಪ್ಪ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ. ತಿಂಗಳೊಳಗೆ ನಿಂತುಹೋಯಿತು. ಆಮೇಲೆ ಬಣ್ಣದ ಚಿತ್ರ ಹಾಕಿ ಲ್ಯಾಮಿನೇಷನ್ ಮಾಡಿಸಿದ ಕಾರ್ಡು. ಒಂದಕ್ಕೆ ಹತ್ತಿರ ಹತ್ತಿರ 10 ರೂಪಾಯಿ, 200 ಪದಕ್ಕೆ 2,000, ಅದೂ ಒಂದೇ ಸೆಟ್. ಬರಬೇಕಿದ್ದ ಅನುದಾನ ಬರಲೇ ಇಲ್ಲ, ಎಲ್ಲಾ ಕೈಯಿಂದಲೇ ಹೋಯಿತು. ಅಷ್ಟು ಸುರಿದರೂ ಮಕ್ಕಳು ಚಿತ್ರದ ಬಣ್ಣ ನೋಡಿ ಉತ್ತರ ಹೇಳುತ್ತಿದ್ದರು. ಅದೇ ಪದ ಪಾಠದಲ್ಲಿ ಬಂದರೆ ಸುಮ್ನೆ ಕೂರುತ್ತಿದ್ದರು.

ಕೊನೆಗೆ ಕೈ ಹಿಡಿದದ್ದು ಹಳೇ ಲಗ್ನಪತ್ರಿಕೆ. ದಪ್ಪ ಕಾಗದ, ಹಿಂದೆ ಖಾಲಿ, ಊರ ತುಂಬಾ ಪುಕ್ಕಟೆ. ಚಿತ್ರ ಬೇಡ ಅಂತ ಪದ ಬಿಟ್ಟಿರುವ ಚಿಕ್ಕ ವಾಕ್ಯ ಬರೆದೆವು. ಸ್ವೀಟ್ ಬಾಕ್ಸುಗಳೇ ಡಬ್ಬ. ಇಡೀ ಕ್ಲಾಸಿಗೆ ಖರ್ಚು 400 ರೂಪಾಯಿ ಒಳಗೇ, ಅದೂ ಸ್ಕೆಚ್ ಪೆನ್ನಿಗೆ.

ಮೇಷ್ಟ್ರುಗಳ ಅನುಮಾನಕ್ಕೂ ಕಾರಣ ಇತ್ತು. ಅವರು ಅವತ್ತೇ ಕೇಳಿ ನೋಡುತ್ತಿದ್ದರು. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದು ಇದನ್ನೇ ಅಲ್ವಾ? 5 ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮೇಲು. ವಾರ ಬಿಟ್ಟು ಕೇಳಿದರೆ ನೆನಪಿಸಿಕೊಂಡು ಬರೆದವರು ಮೇಲು. ನಮ್ಮಲ್ಲೂ ಮೊದಲ ವಾರಗಳಲ್ಲಿ ದಿನಾ ಓದಿಸಿದ ಸೆಕ್ಷನ್ನೇ ಮುಂದಿತ್ತು. ಹೆಡ್‌ಮಾಸ್ಟರು ನಿಲ್ಲಿಸಿ ಅಂದರು. ನಾನು ನಿಲ್ಲಿಸಲಿಲ್ಲ.

ಕಡಲೆಕಾಯಿ ಕೀಳೋ ಕಾಲಕ್ಕೆ ಅರ್ಧ ಮಕ್ಕಳು ಹೊಲಕ್ಕೆ ಹೋದರು. ವಾರಗಟ್ಟಲೆ ಡಬ್ಬ ತೆರೆಯಲಿಲ್ಲ. ವಾಪಸ್ ಬಂದ ದಿನ ತಡವರಿಸಿದರು, ನಿಜ. ಆದರೆ ಅವತ್ತು ಕಷ್ಟಪಟ್ಟು ನೆನಪಿಸಿಕೊಂಡ ಪದಗಳು ಆಮೇಲೆ ಜಾರಲೇ ಇಲ್ಲ. ಮನೋವಿಜ್ಞಾನಿ ಬಾರಿಕ್ ಮನೆಯವರು ನಾಲ್ಕೇ ಜನ, ಬೇರೆ ಭಾಷೆಯ 300 ಪದ ಕಲಿತು 1993ರಲ್ಲಿ ಬರೆದದ್ದು ನೆನಪಾಯಿತು: 56 ದಿನಕ್ಕೊಮ್ಮೆ 13 ಸಲ ಕಲಿತದ್ದೂ, 14 ದಿನಕ್ಕೊಮ್ಮೆ 26 ಸಲ ಕಲಿತದ್ದೂ ತಲೆಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಒಂದೇ. ಅವತ್ತಿಂದ ಕೊನೆಯ ಡಬ್ಬದ ಅಂತರ ಹಿಗ್ಗಿಸಿದೆ. ಎಷ್ಟು ಅಂತ ಈಗಲೇ ಹೇಳಲ್ಲ, ಇನ್ನೊಂದು ಶಾಲೆಯಲ್ಲಿ ನೋಡಬೇಕಿದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ತೆಲುಗಿನ ಪಾಲು, ಪುಲಿ, ಪಂದಿ ನಮ್ಮ ಹಾಲು, ಹುಲಿ, ಹಂದಿ. ಹಳಗನ್ನಡದಲ್ಲಿ ನಮಗೂ ಪಕಾರವೇ ಇತ್ತು. ಈ ಜೋಡಿಗಳನ್ನು ಒಟ್ಟಿಗೆ ಕೊಟ್ಟರೆ ಬೇಗ ಹತ್ತುತ್ತೆ ಅಂತ ಕೊಟ್ಟೆ. ಹತ್ತಿತು, ಜೊತೆಗೆ "ಹುಸ್ತಕ"ವೂ ಬಂತು! ಪುಸ್ತಕ, ಪೇಟೆಯಂಥ ಪದಗಳನ್ನು ನಡುನಡುವೆ ಸೇರಿಸಿದ ಮೇಲೆ ಸರಿಹೋಯಿತು.

ಮಾರ್ಚ್‌ನಲ್ಲಿ ಹೇಳದೆ ಕೇಳದೆ ಪರೀಕ್ಷೆ ಕೊಟ್ಟೆ. 200 ಪದಗಳಲ್ಲಿ ಡಬ್ಬದ ಮಕ್ಕಳು ಸರಾಸರಿ 130-140 ಹೇಳಿದರು. ದಿನಾ ಓದಿಸಿದ ಸೆಕ್ಷನ್ 80ರ ಆಸುಪಾಸಿನಲ್ಲೇ ನಿಂತಿತು. ಹೆಡ್‌ಮಾಸ್ಟರು ಈಗ ಗಣಿತದ ಮಗ್ಗಿಗೂ ಡಬ್ಬ ಮಾಡಿಕೊಡಿ ಅನ್ನುತ್ತಿದ್ದಾರೆ. ಜೂನ್‌ನಲ್ಲಿ ಕ್ರಿಯಾಪದ ಮುಗಿಸಿಕೊಂಡು ಮಗ್ಗಿಗೆ ಕೈ ಹಾಕುತ್ತೇನೆ.