ಹಾಡಲಾಗದ ಭಾನುವಾರಗಳು

ಹೆಂಡತಿ ತೀರಿಕೊಂಡ ಮೇಲಿನ ಮೊದಲ ಭಾನುವಾರಗಳಲ್ಲಿ ನಾನು ಚರ್ಚಿನ ಆರಾಧನೆಗೆ ಹೋದದ್ದು ಭಕ್ತಿಯಿಂದಲ್ಲ, ಮನೆಯಲ್ಲಿ ಒಬ್ಬನೇ ಕೂರಲಾಗದೆ. ಸಭೆ ಎದ್ದುನಿಂತು ಹಾಡತೊಡಗಿದಾಗ ನಾನೂ ಎದ್ದು ನಿಲ್ಲುತ್ತಿದ್ದೆನಾದರೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ತಮ್ಮ ಗೀತೆಗಳ ಪುಸ್ತಕವನ್ನು ನನ್ನ ಕಡೆಗೆ ವಾಲಿಸಿ, ಹಾಡುತ್ತಿದ್ದ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಸರಿಸುತ್ತಿದ್ದರು. ನಾನು ಹಾಡಲಿಲ್ಲ, ಆ ಬೆರಳನ್ನೇ ನೋಡುತ್ತಿದ್ದೆ.

ಫಿಲಿಪ್ಪಿಯ ಸೆರೆಮನೆಯಲ್ಲಿ, ಕಾಲುಗಳಿಗೆ ಕೋಳ ಹಾಕಿದ್ದರೂ ಮಧ್ಯರಾತ್ರಿಯಲ್ಲಿ ದೇವರನ್ನು ಸ್ತುತಿಸಿದ, ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಸೀಲರ ಪ್ರಸಂಗವನ್ನು ಆ ದಿನಗಳಲ್ಲಿ ಹಲವರು ನನಗೆ ನೆನಪಿಸಿದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು, ಆದರೆ ಪ್ರತಿ ಸಲವೂ ನಾನು ಇನ್ನಷ್ಟು ಕುಗ್ಗುತ್ತಿದ್ದೆ. ಕೊನೆಗೊಮ್ಮೆ ಆ ಪ್ರಸಂಗವಿರುವ, ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 16ನೆಯ ಅಧ್ಯಾಯವನ್ನು ನಾನೇ ಬಿಡಿಸಿ ಓದಿದಾಗ, ಅದುವರೆಗೆ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಕಂಡಿತು: ಉಳಿದ ಕೈದಿಗಳು ಹಾಡಲಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು, ಭೂಕಂಪವಾದಾಗ ಕಳಚಿಬಿದ್ದದ್ದು ಹಾಡಿದ ಇಬ್ಬರ ಬೇಡಿಗಳಷ್ಟೇ ಅಲ್ಲ, ಎಲ್ಲರ ಬೇಡಿಗಳು. ನಾನು ಆ ಕೇಳಿಸಿಕೊಂಡವರ ಸಾಲಿನವನು ಎಂದು ತಿಳಿದ ಮೇಲೆ ಸಭೆಯಲ್ಲಿ ಮೌನವಾಗಿ ನಿಲ್ಲುವುದಕ್ಕೆ ಸಂಕೋಚವಾಗಲಿಲ್ಲ.

ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದುವುದನ್ನು ರೂಢಿ ಮಾಡಿಕೊಂಡೆ. ಗಟ್ಟಿಯಾಗಿಯೇ ಓದಬೇಕು, ಏಕೆಂದರೆ ಮನಸ್ಸಿನಲ್ಲಿ ಓದಿದರೆ ಕಣ್ಣು ಮುಂದಕ್ಕೆ ಓಡುತ್ತದೆ, ದುಃಖ ಇದ್ದಲ್ಲೇ ಉಳಿಯುತ್ತದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಲಿನವು ಎಂಬುದು, ಚಿಕ್ಕಂದಿನಿಂದ ಅವುಗಳನ್ನು ಕೇಳುತ್ತಲೇ ಬೆಳೆದ ನನಗೆ, ಆಗ ಮಾತ್ರ ಅರಿವಾಯಿತು. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ‘ಎಲ್ಲಿಯವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಷ್ಟೋ ದಿನ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ; ಭರವಸೆಯ ಮಾತಿರುವ ಕೊನೆಯ ಎರಡು ವಚನಗಳನ್ನು ಓದಿದರೆ ಸುಳ್ಳಾಡಿದಂತಾಗುತ್ತಿತ್ತು. ದೇವರನ್ನು ಹೀಗೆ ಪ್ರಶ್ನಿಸುವುದೂ ಆರಾಧನೆಯೇ ಎಂದು ಒಪ್ಪಿಕೊಳ್ಳಲು ನನಗೆ ಕಾಲ ಹಿಡಿಯಿತು. ಉತ್ತರ ಬಾರದಿದ್ದರೂ ಕೇಳುತ್ತಲೇ ಇದ್ದೇನೆಂದರೆ, ಕೇಳಿಸಿಕೊಳ್ಳುವವನು ಇದ್ದಾನೆಂದು ನಾನು ನಂಬಿಯೇ ಇದ್ದೆ ಎಂದಾಯಿತಲ್ಲವೇ?

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನಗಳು ಮಾತ್ರ ಮೊದಲಿನಿಂದಲೂ ಹಗುರವಾಗಿದ್ದವು. ಅಲ್ಲಿ ಮಾತು ಹುಡುಕಬೇಕಿರಲಿಲ್ಲ, ಅಂಗೈ ಚಾಚಿದರೆ ಸಾಕಿತ್ತು.

ಒಂದು ವರ್ಷ ಕಳೆದ ಮೇಲೆ ಯಾವುದೋ ಭಾನುವಾರ ಹಾಡು ಮುಗಿದು ಎಲ್ಲರೂ ಕುಳಿತಾಗ, ನಾಲ್ಕೂ ಚರಣಗಳನ್ನು ನಾನು ಹಾಡಿಬಿಟ್ಟಿದ್ದೆ ಎಂಬುದು ಗೊತ್ತಾಯಿತು. ಯಾವ ಚರಣದಲ್ಲಿ ಸ್ವರ ಸೇರಿತೋ ತಿಳಿಯದು. 13ನೆಯ ಕೀರ್ತನೆಯನ್ನು ಈಗ ಕೊನೆಯವರೆಗೂ ಓದುತ್ತೇನೆ. ಹಾಗೆಂದು ಎಲ್ಲ ರಾತ್ರಿಗಳೂ ಒಂದೇ ತೆರನಲ್ಲ. ಕೆಲವು ರಾತ್ರಿ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ 88ನೆಯ ಕೀರ್ತನೆಯೇ ಬೇಕಾಗುತ್ತದೆ. ಅದಕ್ಕೆ ನನ್ನದೊಂದು ಸಮಾಧಾನದ ಸಾಲು ಸೇರಿಸದೆ, ಪುಸ್ತಕ ಮುಚ್ಚಿ ದೀಪ ಆರಿಸುತ್ತೇನೆ.