ನಿಮ್ಮ ಬಗ್ಗೆ ಬರೆಯಲು ಮನೆಯ ಒಂದು ಮಾತು ಸಾಕು

'ನಾನು ಯಾರು' ಎಂಬ ಪ್ರಶ್ನೆ ಇಟ್ಟುಕೊಂಡು ಬರೆಯಲು ಕೂತರೆ ಎರಡನೇ ವಾಕ್ಯಕ್ಕೇ ಭಾಷಣ ಶುರುವಾಗುತ್ತದೆ. ಅದನ್ನು ಬಿಟ್ಟು ಒಂದು ಪದ ಹಿಡಿಯಿರಿ: ಮನೆಯಲ್ಲಿ ಸಲೀಸಾಗಿ ಆಡುವ, ಹೊರಗೆ ನುಂಗಿಕೊಳ್ಳುವ ಪದ. ಮಂಡ್ಯ, ತುಮಕೂರು ಕಡೆ ಎಷ್ಟೋ ಮನೆಗಳಲ್ಲಿ ರಾಗಿಮುದ್ದೆಗೆ 'ಹಿಟ್ಟು' ಎನ್ನುತ್ತಾರೆ. ಬೆಂಗಳೂರಿನ ಆಫೀಸಿಗೆ ಬಂದರೆ ಅದೇ ಬಾಯಲ್ಲಿ 'ಮುದ್ದೆ' ಬರುತ್ತದೆ. ಮೈಸೂರಿನ 'ಹೋಗೋಣ' ಮಂಗಳೂರಿನಲ್ಲಿ 'ಹೋಗುವ', ಧಾರವಾಡದಲ್ಲಿ 'ಹೋಗೂಣು'. ಯಾವ ಪದವನ್ನು ಯಾರೆದುರು ಬದಲಿಸಿದಿರಿ ಎಂದು ಕೇಳಿಕೊಂಡರೆ ಜಾತಿ, ಊರು, ಶಾಲೆ, ನಾಚಿಕೆ ಎಲ್ಲವೂ ತಾವಾಗಿ ಎದ್ದು ಬರುತ್ತವೆ.

ನೋಟ್‌ಬುಕ್ಕಿನಲ್ಲಿ ಇಂಥ 15 ಪದ ಬರೆದುಕೊಳ್ಳಿ. ಊಟ, ಬೈಗುಳ, ನೆಂಟರನ್ನು ಕೂಗುವ ಬಗೆ, ನಿಮ್ಮ ಮುದ್ದಿನ ಹೆಸರು. ಮನೆಮಾತು ತುಳುವೋ ಉರ್ದುವೋ ತೆಲುಗೋ ಆಗಿದ್ದರೆ ಆ ಪದವನ್ನೇ ಕನ್ನಡ ಲಿಪಿಯಲ್ಲಿ ಇಳಿಸಿ, ಅನುವಾದ ಬೇಡ. ಓದಿಕೊಂಡಾಗ ಯಾವುದು ಕಸಿವಿಸಿ ಮಾಡುತ್ತದೋ ಅದಕ್ಕೆ ಗುರುತು ಹಾಕಿ.

ಮಾರನೆಯ ದಿನ ಮೊಬೈಲಿನಲ್ಲಿ 20 ನಿಮಿಷದ ಅಲಾರಂ ಇಟ್ಟು, ಆ ಪದ ಕಿವಿಗೆ ಬಿದ್ದ ಒಂದೇ ಒಂದು ದಿನವನ್ನು ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. 'ಅಜ್ಜಿ ಮನೆಗೆ ಹೋಗುತ್ತಿದ್ದೆವು, ತಿನ್ನುತ್ತಿದ್ದೆವು, ಆಡುತ್ತಿದ್ದೆವು' ಎಂದು ಬರೆದರೆ ಹತ್ತು ವರ್ಷ ಒಂದೇ ಮುದ್ದೆಯಾಗಿ, ಯಾವ ದಿನವೂ ಕಣ್ಣಿಗೆ ಕಟ್ಟುವುದಿಲ್ಲ. '-ತ್ತಿದ್ದೆವು' ಕಂಡಲ್ಲೆಲ್ಲ ಅಡಿಗೆರೆ ಎಳೆದು 'ಹೋದೆವು' ಮಾಡಿ ನೋಡಿ. ಆಗ ಯಾವ ಹಬ್ಬ, ಯಾರು ಬಾಗಿಲು ತೆಗೆದರು, ಒಲೆಯ ಮೇಲೆ ಏನಿತ್ತು ಎಂದು ನೆನಪನ್ನು ಕೆದಕಲೇಬೇಕಾಗುತ್ತದೆ. ನೆನಪಾಗದಿದ್ದರೆ 'ಇದು ಮಸುಕು' ಎಂದೇ ಬರೆಯಿರಿ, ಕಟ್ಟಿ ತುಂಬಬೇಡಿ.

ಹತ್ತು ದಿನ ಮುಚ್ಚಿಟ್ಟು ಗಟ್ಟಿಯಾಗಿ ಓದಿ. ನಿಮ್ಮದೇ ಕಥೆಯಲ್ಲಿ 'ಹೋದೆ' ಎಂದರೆ ಹೋದವರು ನೀವೆಂದು ಕ್ರಿಯಾಪದದಿಂದಲೇ ತಿಳಿಯುತ್ತದೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು 'ನಾನು'ಗಳನ್ನು ಹೊಡೆದುಹಾಕಬಹುದು. ಅಸ್ಮಿತೆ, ಅನಾಥಪ್ರಜ್ಞೆಯಂಥ ಪದಗಳನ್ನೂ ತೆಗೆಯಿರಿ. ಅವು ನಿಂತಿದ್ದ ಜಾಗದಲ್ಲಿ ಏನು ನಡೆಯಿತು ಎಂದು ಹೇಳಿದರೆ ಸಾಕು. ಅಮ್ಮನ ಮಾತು ಅಮ್ಮನ ಉಚ್ಚಾರಣೆಯಲ್ಲೇ ಇರಲಿ. ಗ್ರಾಂಥಿಕಕ್ಕೆ ತಿದ್ದಿದರೆ ಹೊರಗೆ ನುಂಗಿದ ಪದವನ್ನು ಕಾಗದದ ಮೇಲೂ ನುಂಗಿದಂತಾಗುತ್ತದೆ.

ಹಳೆಯ ಅವಮಾನವೊಂದು ಬರೆಯುವಾಗ ಉಸಿರು ಕಟ್ಟಿಸಿದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ದಿನ 'ನಾನು' ಬದಲು 'ಅವಳು', 'ಅವನು' ಎಂದು ಬರೆದು ನೋಡಿ, ಎಷ್ಟೋ ಬಾರಿ ಆ ದೂರ ಕೈಹಿಡಿಯುತ್ತದೆ. ಪ್ರಕಟಿಸುವ ಯೋಚನೆಯಿದ್ದರೆ ಬದುಕಿರುವವರ ಹೆಸರಿನ ಜೊತೆ ಊರು, ಉದ್ಯೋಗವನ್ನೂ ಬದಲಿಸಿ. ಹಳ್ಳಿಯಲ್ಲಿ ಹೆಸರಿಲ್ಲದೆಯೂ ಮನುಷ್ಯರ ಗುರುತು ಸಿಗುತ್ತದೆ. ಅಕ್ಕನ, ಅಮ್ಮನ ಗುಟ್ಟಿದ್ದರೆ ಮೊದಲು ಅವರಿಗೇ ಓದಿ ಹೇಳಿ, ಬೇಡವೆಂದರೆ ಆ ಭಾಗವನ್ನು ನೋಟ್‌ಬುಕ್ಕಿನಲ್ಲೇ ಉಳಿಸಿ.